ಕಾಂಪೌಂಡಿನಿಂದ ತಾರಸಿಗೆ: ದಕ್ಷಿಣ ಬೆಂಗಳೂರಿನ ಮನೆತೋಟಗಳಲ್ಲಿ ಸ್ಟ್ರಾಬೆರಿ

ಬೆಂಗಳೂರಿನ ಸುತ್ತಮುತ್ತ ಬೆಳೆದ ರಾಗಿ, ಕಡಲೆಕಾಯಿ, ದ್ರಾಕ್ಷಿ, ಹಿಪ್ಪುನೇರಳೆಗಳು ಹೊಲದ ಬೆಳೆಗಳಾಗಿ ಕಂದಾಯದ ದಾಖಲೆಗಳಲ್ಲಿ ಸೇರಿಹೋದದ್ದರಿಂದ ಅವುಗಳ ಇತಿಹಾಸವನ್ನು ಎಕರೆ ಮತ್ತು ಮಣಗಳ ಲೆಕ್ಕದಲ್ಲಿ ಹಿಡಿಯಬಹುದು. ಸ್ಟ್ರಾಬೆರಿಗೆ ಅಂಥ ದಾಖಲೆಯಿಲ್ಲ. ಏಕೆಂದರೆ ಈ ಊರಿನಲ್ಲಿ ಅದು ದೊಡ್ಡ ಪ್ರಮಾಣದ ಕೃಷಿಯಾಗಿ ಎಂದೂ ನೆಲೆಗೊಳ್ಳದೆ, ಬಂಗಲೆಯ ಕಾಂಪೌಂಡಿನ ಪಾತಿಯಲ್ಲಿ, ಕಿಟಕಿಯ ಕೆಳಗಿನ ಕುಂಡದಲ್ಲಿ, ಈಚೆಗೆ ತಾರಸಿಯ ಮೇಲಿನ ಚೀಲದಲ್ಲಿ, ಯಾವಾಗಲೂ ಮನೆಯೊಂದಕ್ಕೆ ಅಂಟಿಕೊಂಡೇ ಬದುಕಿದೆ. ಅದರ ಕಥೆಯನ್ನು ಹುಡುಕಬೇಕಾದರೆ ಸಸಿ ಎಲ್ಲಿಂದ ಬರುತ್ತಿತ್ತು, ಅದನ್ನು ಊರಲು ಮನೆಯಲ್ಲಿ ಎಷ್ಟು ಜಾಗವಿತ್ತು, ಆರೈಕೆಯ ತಿಳಿವಳಿಕೆ ಯಾರ ಕೈಯಲ್ಲಿತ್ತು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಹೊರಡಬೇಕು. ಬೆಂಗಳೂರಿನ ತಂಪು ಹವೆಯೊಂದೇ ಈ ಹಣ್ಣನ್ನು ಇಲ್ಲಿ ಉಳಿಸಿತು ಎಂಬ ಜನಪ್ರಿಯ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಮಾಡಿದ್ದು ಮಾಲಿಗಳು, ನರ್ಸರಿಯವರು ಮತ್ತು ಮನೆಯವರು. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಇಂದು ಜಗತ್ತಿನೆಲ್ಲೆಡೆ ಬೆಳೆಯುವ ದಪ್ಪ ಹಣ್ಣಿನ ಸ್ಟ್ರಾಬೆರಿ ಕಾಡಿನಲ್ಲಿ ತಾನಾಗಿ ಇದ್ದ ಜಾತಿಯಲ್ಲ. ಫ್ರೆಂಚ್ ಸೇನೆಯ ಎಂಜಿನಿಯರ್ ಅಮೆದೆ ಫ್ರಾನ್ಸ್ವಾ ಫ್ರೆಜಿಯೆ 1714ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಿಂದ ಫ್ರಾನ್ಸಿಗೆ ಒಯ್ದ ಗಿಡಗಳು ದೊಡ್ಡ ಹಣ್ಣು ಬಿಡುವ ಜಾತಿಯವೇ ಆಗಿದ್ದರೂ ಹೆಣ್ಣು ಗಿಡಗಳಾಗಿದ್ದುದರಿಂದ ಒಂಟಿಯಾಗಿ ಫಲ ಕೊಡಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಜಾತಿಯನ್ನು ಅವುಗಳ ಪಕ್ಕದಲ್ಲಿ ನೆಟ್ಟಾಗ ಪರಾಗ ಬೆರೆತು, ಎರಡಕ್ಕೂ ಸೇರದ ಹೊಸದೊಂದು ಗಿಡ ಹುಟ್ಟಿತು. ಈ ಬೆರಕೆಯ ಗುಟ್ಟನ್ನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಅಂತ್ವಾನ್ ನಿಕೊಲಾ ದುಶೆನ್ 1766ರಲ್ಲಿ ಬಿಡಿಸಿ ಹೇಳಿದನು. ಹೀಗೆ ಈ ಗಿಡ ಮನುಷ್ಯರ ತೋಟದಲ್ಲಿಯೇ ಹುಟ್ಟಿದ್ದು, ಮನುಷ್ಯರ ಕೈಯಿಂದ ಕೈಗೆ ದಾಟುತ್ತಲೇ ಹರಡಿದೆ. ಬೀಜದಿಂದ ಎಬ್ಬಿಸಿದ ಗಿಡ ತಾಯಿಗಿಡದ ಗುಣವನ್ನು ಹಾಗೆಯೇ ತರುವುದಿಲ್ಲವಾದ್ದರಿಂದ ಅದನ್ನು ಹಂಬಿನಿಂದ ಹೆಚ್ಚಿಸಬೇಕು. ನರ್ಸರಿಯವರು ರನ್ನರ್ ಎನ್ನುವ ಈ ಹಂಬು ತಾಯಿಗಿಡದ ಬುಡದಿಂದ ನೆಲದುದ್ದಕ್ಕೆ ಓಡುವ ತೆಳ್ಳನೆಯ ಕುಡಿಯಾಗಿದ್ದು, ಅದರ ಗಿಣ್ಣು ಮಣ್ಣಿಗೆ ತಾಗಿದಲ್ಲಿ ಬೇರೊಡೆದು ಮರಿಗಿಡ ಏಳುತ್ತದೆ. ಹಂಬನ್ನು ವರ್ಷವರ್ಷವೂ ಬಿಡಿಸಿ ನೆಡುವ ಕೈಯಿಲ್ಲದಿದ್ದರೆ ಎರಡು ಮೂರು ವರ್ಷಗಳಲ್ಲಿ ಗಿಡ ಸೊರಗಿ ಹೋಗುತ್ತದೆ ಎಂಬುದನ್ನು ಈ ಇತಿಹಾಸದುದ್ದಕ್ಕೂ ನೆನಪಿನಲ್ಲಿಡಬೇಕು.

ಬೆಂಗಳೂರಿಗೆ ಸ್ಟ್ರಾಬೆರಿ ಬಂದದ್ದು ಬ್ರಿಟಿಷರ ದಂಡಿನೊಂದಿಗೆ. 1809ರಲ್ಲಿ ದಂಡುಪ್ರದೇಶ, ಅಂದರೆ ಕಂಟೋನ್ಮೆಂಟ್, ಸ್ಥಾಪನೆಯಾದ ಮೇಲೆ ವಿಶಾಲವಾದ ಕಾಂಪೌಂಡುಗಳುಳ್ಳ ಬಂಗಲೆಗಳು ಎದ್ದು, ಅವುಗಳ ನಿವಾಸಿಗಳು ಕೋಸು, ಬಟಾಣಿ, ಆಲೂಗಡ್ಡೆಗಳ ಜೊತೆಗೆ ತಮ್ಮ ನಾಡಿನ ಹಣ್ಣುಗಳನ್ನೂ ಇಲ್ಲಿ ಪಳಗಿಸಲು ತೊಡಗಿದರು. ಸೇಬು, ಪೀಚ್, ಸ್ಟ್ರಾಬೆರಿಗಳು ಬೆಳೆಯುವ ಊರು ಎಂಬ ಖ್ಯಾತಿ 19ನೇ ಶತಮಾನದ ಬೆಂಗಳೂರಿಗೆ ಅಂಟಿಕೊಂಡದ್ದು ಹಾಗೆ. ಇಂಥ ಪ್ರಯೋಗಗಳ ಕೇಂದ್ರವಾಗಿದ್ದುದು 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್. 1836ರಿಂದ ಕೆಲವು ವರ್ಷ ವಿಲಿಯಂ ಮನ್ರೋನ ಮುಂದಾಳುತನದ ಕೃಷಿ ಮತ್ತು ತೋಟಗಾರಿಕೆ ಸಂಘದ ವಶದಲ್ಲಿದ್ದ ಈ ತೋಟ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಿಂದ 1858ರಲ್ಲಿ ಬಂದ ವಿಲಿಯಂ ನ್ಯೂ, ಅವನ ತರುವಾಯ 1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್, ಹೊರನಾಡುಗಳಿಂದ ತರಿಸಿದ ಬೀಜ ಮತ್ತು ಸಸಿಗಳನ್ನು ಇಲ್ಲಿನ ಮಣ್ಣಿಗೆ ಹೊಂದಿಸಿ, ಹೊಂದಿದವುಗಳನ್ನು ಜನರಿಗೆ ಹಂಚುವ ಕೆಲಸವನ್ನು ಪದ್ಧತಿಯಾಗಿ ರೂಪಿಸಿದರು. ಈ ಹಂಚಿಕೆಯೇ ಮುಖ್ಯವಾದದ್ದು, ಏಕೆಂದರೆ ಒಂದು ಬಂಗಲೆಯ ಪಾತಿ ಮಳೆಗೆ ಕೊಳೆತುಹೋದರೂ ಮರುವರ್ಷ ಸಸಿ ಸಿಗುವ ಜಾಗ ಒಂದಿತ್ತು.

ಮಳೆಗೆ ಕೊಳೆಯುವುದು ಏಕೆ, ಚಳಿಗೆ ಹೂವಾಗುವುದು ಏಕೆ ಎಂಬುದನ್ನು ಇಲ್ಲಿಯೇ ವಿವರಿಸುವುದು ಒಳಿತು. ಹಳೆಯ ತಳಿಗಳಲ್ಲಿ ಹೆಚ್ಚಿನವು ತೋಟಗಾರಿಕೆಯ ಭಾಷೆಯಲ್ಲಿ ಕಿರುಹಗಲಿನ ತಳಿಗಳು. ಹಗಲು ಕಿರಿದಾಗಿ ಹವೆ ತಂಪಾದಾಗ ಹೂಮೊಗ್ಗು ಕಟ್ಟುವುದು, ಹಗಲು ಹಿಗ್ಗಿ ಸೆಕೆ ಏರಿದಾಗ ಹೂವನ್ನು ಬಿಟ್ಟು ಹಂಬು ಚಾಚುವುದು ಅವುಗಳ ಸ್ವಭಾವ. ಯುರೋಪಿನಲ್ಲಿ ಬೇಸಿಗೆ ಮತ್ತು ಚಳಿಗಾಲಗಳ ಹಗಲಿನ ನಡುವೆ ಭಾರಿ ಅಂತರವಿರುವುದರಿಂದ ಗಿಡಕ್ಕೆ ಋತು ತಾನಾಗಿ ತಿಳಿಯುತ್ತದೆ. ಸಮಭಾಜಕ ವೃತ್ತದಿಂದ ಉತ್ತರಕ್ಕೆ 13 ಡಿಗ್ರಿಯಷ್ಟೇ ದೂರದಲ್ಲಿರುವ ಬೆಂಗಳೂರಿನಲ್ಲಾದರೋ ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನ ಹಗಲು 13 ಗಂಟೆಗೂ ತುಸು ಕಡಿಮೆ. ಅಂದರೆ ವರ್ಷವಿಡೀ ಹಗಲು ಕಿರಿದೇ ಆಗಿದ್ದು, ಗಿಡದ ನಡವಳಿಕೆಯನ್ನು ನಿರ್ಧರಿಸುವ ಅಧಿಕಾರ ಪೂರ್ತಿ ತಾಪಮಾನದ ಕೈಗೆ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗಿನ ರಾತ್ರಿಗಳು ಸಾಕಷ್ಟು ತಣ್ಣಗಿರುವುದರಿಂದ ಹೂ ಬಿಡುತ್ತದೆ. ಏಪ್ರಿಲಿನಲ್ಲಿ ಬಿಸಿಲು 34 ಡಿಗ್ರಿ ದಾಟುತ್ತಲೇ ನಿಂತುಬಿಡುತ್ತದೆ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ, ಅತಿ ಹೆಚ್ಚಿನದು 2016ರ ಏಪ್ರಿಲಿನ 39.2 ಡಿಗ್ರಿ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕ್ಯಾಮೆರಾನನ ಕಾಲದ ಮಾಲಿಗೂ ಇಂದಿನ ತಾರಸಿ ತೋಟಗಾರರಿಗೂ ದೊರೆತ ಹವೆ ಒಂದೇ ಎನ್ನಲಾಗದು.

ಲಾಲ್‌ಬಾಗಿನ ದಕ್ಷಿಣಕ್ಕೆ, ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರ ಮೊದಲಾದ ಬಡಾವಣೆಗಳಿರುವ ನೆಲದಲ್ಲಿ, ಆಗ ಯಡಿಯೂರು, ಸಾರಕ್ಕಿ, ಭೈರಸಂದ್ರ, ತಾವರೆಕೆರೆ, ಮಡಿವಾಳ ಮುಂತಾದ ಹಳ್ಳಿಗಳೂ ಅವುಗಳ ಕೆರೆಗಳೂ ಇದ್ದವು. ಕೆರೆಯ ಕೆಳಗೆ ಗದ್ದೆ ತೋಟಗಳು, ದಿಣ್ಣೆಯ ಮೇಲೆ ರಾಗಿ ಮತ್ತು ಕಡಲೆಕಾಯಿ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಇಂದಿಗೂ ನಡೆಯುವ ಕಡಲೆಕಾಯಿ ಪರಿಷೆ ಆ ಹೊಲಗಳ ಕುರುಹು. ಈ ಭಾಗದ ತರಕಾರಿ, ಹೂವು, ಸೊಪ್ಪಿನ ತೋಟಗಳಲ್ಲಿ ದುಡಿದವರು ಮುಖ್ಯವಾಗಿ ತಿಗಳ ಸಮುದಾಯದವರು; ಹೈದರ್ ಅಲಿಯ ಕಾಲದಿಂದ ಲಾಲ್‌ಬಾಗಿನ ಕೆಲಸಕ್ಕೂ ಈ ಸಮುದಾಯಕ್ಕೂ ನಂಟಿತ್ತು ಎಂಬುದು ಅವರಲ್ಲಿ ಬೆಳೆದುಬಂದ ಹೇಳಿಕೆ. ಬೆಂಗಳೂರು ಕರಗದ ಆಚರಣೆಯಿಂದ ಅವರನ್ನು ಎಲ್ಲರೂ ಬಲ್ಲರು, ಆದರೆ ಊರಿನ ತೋಟಗಾರಿಕೆಯ ಕೈಚಳಕ ತಲೆಮಾರುಗಳ ಕಾಲ ಅವರಲ್ಲಿಯೇ ಉಳಿದಿತ್ತು ಎಂಬ ಸಂಗತಿಗೆ ಇತಿಹಾಸ ಗ್ರಂಥಗಳು ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ. ಲಾಲ್‌ಬಾಗಿಗೂ ಜಯನಗರದ ಮೊದಲ ಬ್ಲಾಕಿಗೂ ನಡುವೆ ಇರುವ ಸಿದ್ದಾಪುರದ ನರ್ಸರಿಗಳ ಸಾಲು ಈ ಪರಂಪರೆಯ ಮುಂದುವರಿಕೆ. ದಕ್ಷಿಣ ಬೆಂಗಳೂರಿನ ಮನೆಗಳಿಗೆ ಗುಲಾಬಿ, ಕ್ರೋಟನ್, ಮಾವಿನ ಕಸಿ ಹೋದ ದಾರಿಯಲ್ಲಿಯೇ ಸ್ಟ್ರಾಬೆರಿಯ ಸಸಿಯೂ ಹೋಯಿತು.

ಆ ದಾರಿ ತೆರೆದುಕೊಳ್ಳಲು ಮಾತ್ರ ಬಹುಕಾಲ ಹಿಡಿಯಿತು. 1898ರ ಪ್ಲೇಗಿನ ಹಾವಳಿಯ ಹಿನ್ನೆಲೆಯಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗಾಗಿ ಬೆಳೆದ ಬಸವನಗುಡಿಯಲ್ಲಿ ಮನೆಯ ಸುತ್ತ ಬಯಲು ಬಿಡುವ ಪದ್ಧತಿ ನೆಲೆಯೂರಿದರೂ, ಆ ಬಯಲನ್ನು ತುಂಬಿದ್ದು ತುಳಸಿ, ದಾಸವಾಳ, ಪಾರಿಜಾತ, ಕನಕಾಂಬರ, ಕರಿಬೇವು, ತೆಂಗು, ನುಗ್ಗೆ ಮುಂತಾದ, ಪೂಜೆಗೂ ಅಡುಗೆಗೂ ದಿನನಿತ್ಯ ಬೇಕಾದ ಗಿಡಮರಗಳು. ಪೂಜೆಗೆ ಸಲ್ಲದ, ಸಾರು ಪಲ್ಯಗಳಿಗೆ ಒದಗದ ಹಣ್ಣೊಂದು ಅಲ್ಲಿ ಜಾಗ ಪಡೆಯುವುದು ಸುಲಭವಿರಲಿಲ್ಲ. ಲಾಲ್‌ಬಾಗಿನಲ್ಲಿ 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್‌ನ ಕಾಲದಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿಕೊಂಡು, ಫಲಪುಷ್ಪ ಪ್ರದರ್ಶನಗಳನ್ನೂ ಮನೆತೋಟಗಳ ಸ್ಪರ್ಧೆಗಳನ್ನೂ ನಡೆಸತೊಡಗಿದ ಮೇಲೆ, ಗಿಡ ಬೆಳೆಸುವುದು ಅಗತ್ಯದ ಆಚೆಗೆ ಒಂದು ಹವ್ಯಾಸವಾಗಿ ಕನ್ನಡ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿತು. ಅಪರೂಪದ ಗಿಡವೊಂದನ್ನು ಸಾಕಿ ತೋರಿಸುವುದರಲ್ಲಿ ಮನೆಯವರಿಗೆ ಹೆಮ್ಮೆ ಹುಟ್ಟಿದ್ದು ಈ ಸ್ಪರ್ಧೆಗಳಿಂದ, ಮತ್ತು ಸ್ಟ್ರಾಬೆರಿಯಂಥ ಪರಕೀಯ ಗಿಡಕ್ಕೆ ಅಂಗಳದ ಬಾಗಿಲು ತೆರೆದದ್ದು ಆ ಹೆಮ್ಮೆ.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಗೊಂಡ ಜಯನಗರ ದಕ್ಷಿಣ ಬೆಂಗಳೂರಿನ ಮನೆತೋಟಕ್ಕೆ ಅದರ ಪ್ರಮಾಣಬದ್ಧ ಅಳತೆಯನ್ನು ಕೊಟ್ಟಿತು. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, ಅದರ ನಂತರ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹಂಚಿದ 30×40 ಮತ್ತು 40×60 ಅಡಿಗಳ ಸೈಟುಗಳಲ್ಲಿ ಮನೆಯ ನಾಲ್ಕೂ ಬದಿಗೆ ಕಾನೂನಿನ ಪ್ರಕಾರ ಬಿಡಬೇಕಾಗಿದ್ದ ಜಾಗವೇ ತೋಟವಾಯಿತು. ಸಣ್ಣ ಸೈಟಿನಲ್ಲಿ ಒಂದು ತೆಂಗಿನ ಮರವೇ ಅರ್ಧ ಅಂಗಳದ ಬಿಸಿಲನ್ನು ತಿಂದುಹಾಕುತ್ತಿದ್ದುದರಿಂದ, ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೇಡುವ ಸ್ಟ್ರಾಬೆರಿ ನೆಲದ ಪಾತಿಯಿಂದ ಕುಂಡಕ್ಕೆ ಏರಿ, ಬಿಸಿಲಿದ್ದಲ್ಲಿಗೆ ಸರಿಸಬಲ್ಲ ಗಿಡವಾಯಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರವನ್ನು ತಲುಪಿದ್ದು ಈ ಬಡಾವಣೆಗಳ ಹಸಿರನ್ನು ಬೇರೊಂದು ಮಟ್ಟಕ್ಕೆ ಒಯ್ಯಿತು. ಸೌಮ್ಯವಾದ ನದಿನೀರು ಸಿಕ್ಕ ಬಡಾವಣೆಗಳಿಗೂ ಕೊಳವೆಬಾವಿಯನ್ನೇ ನೆಚ್ಚಬೇಕಾದ ಬಡಾವಣೆಗಳಿಗೂ ನಡುವೆ ಅಂದು ಬಿದ್ದ ವ್ಯತ್ಯಾಸದ ಪರಿಣಾಮ ಸ್ಟ್ರಾಬೆರಿಯ ಮಟ್ಟಿಗೆ ಇಂದಿಗೂ ಕಾಣುತ್ತದೆ.

ಇದೇ ದಶಕಗಳಲ್ಲಿ ತಿಳಿವಳಿಕೆಯ ಸಂಸ್ಥೆಗಳೂ ಬೆಳೆದವು. ಡಾ. ಎಂ.ಎಚ್. ಮರೀಗೌಡರು ಲಾಲ್‌ಬಾಗಿನ ಚುಕ್ಕಾಣಿ ಹಿಡಿದು ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯ ಸ್ಥಾನ ದೊರಕಿಸಿ, ರಾಜ್ಯದುದ್ದಕ್ಕೂ ಸರ್ಕಾರಿ ನರ್ಸರಿಗಳನ್ನು ಹಬ್ಬಿಸಿದರು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ, 1968ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಕೆಲಸ ಆರಂಭಿಸಿದವು. 1965ರಲ್ಲಿ ಡಾ. ಮನಮೋಹನ ಅತ್ತಾವರ ಅವರು ಸ್ಥಾಪಿಸಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಬನಶಂಕರಿಯಲ್ಲಿ ನೆಲೆ ಕಂಡದ್ದು ದಕ್ಷಿಣ ಬೆಂಗಳೂರಿನ ಪಾಲಿಗೆ ಗಮನಾರ್ಹ ಸಂಗತಿ. 1973ರಲ್ಲಿ ‘ಕರ್ನಾಟಕ’ ಎಂಬ ಟೊಮ್ಯಾಟೊ ಮತ್ತು ‘ಭಾರತ್’ ಎಂಬ ದಪ್ಪ ಮೆಣಸಿನಕಾಯಿಯ ಸಂಕರ ತಳಿಗಳನ್ನು ಹೊರತಂದ ಈ ಸಂಸ್ಥೆಯ ಕಾಲದಿಂದ, ತಳಿಯ ಹೆಸರು ಕೇಳಿ ಸಸಿ ಕೊಳ್ಳುವ ಅಭ್ಯಾಸ ರೈತರ ಹೊರಗೂ ಮೆಲ್ಲನೆ ಹರಡತೊಡಗಿತು.

ಸ್ಟ್ರಾಬೆರಿಯ ವಿಷಯದಲ್ಲಿ ತಳಿಯ ಹೆಸರೇ ಒಂದು ಇತಿಹಾಸವನ್ನು ಹೇಳುತ್ತದೆ. ಭಾರತದಲ್ಲಿ ಬೆಳೆಯುವ ಸ್ಟ್ರಾಬೆರಿ ತಳಿಗಳ ಅಧಿಕೃತ ಪಟ್ಟಿಗಳಲ್ಲಿ ದಿಲ್‌ಪಸಂದ್, ಜಿಯೋಲಿಕೋಟ್, ಕಟ್ರಾಯಿನ್ ಸ್ವೀಟ್‌ಗಳ ಸಾಲಿನಲ್ಲಿ ‘ಬೆಂಗಳೂರು’ ಎಂಬ ತಳಿಯೂ ಇದೆ. ಊರಿನ ಹೆಸರನ್ನು ಹೊತ್ತು ಒಂದು ತಳಿ ಪಟ್ಟಿಯನ್ನು ಸೇರಬೇಕಾದರೆ, ಆ ಊರಿನಲ್ಲಿ ಅದನ್ನು ತಲೆಮಾರುಗಳ ಕಾಲ ಹಂಬಿನಿಂದ ಹಂಬಿಗೆ ಕಾಪಾಡಿಕೊಂಡು, ಇಲ್ಲಿನ ಮಳೆ ಬಿಸಿಲುಗಳಿಗೆ ಒಗ್ಗಿದ್ದನ್ನೇ ಆರಿಸುತ್ತ ಬಂದ ಕೈಗಳು ಇದ್ದಿರಲೇಬೇಕು. ಹೆಸರಿಲ್ಲದ ಆ ಮಾಲಿಗಳ ಕೆಲಸಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಆದರೆ ವಾಣಿಜ್ಯ ಬೆಳೆಯಾಗಿ ಈ ಹಣ್ಣು ನೆಲೆಯೂರಿದ್ದು ಸುಮಾರು 1370 ಮೀಟರ್ ಎತ್ತರದ ಮಹಾಬಲೇಶ್ವರದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅಭಿವೃದ್ಧಿಯಾಗಿ 1983ರಲ್ಲಿ ಹೊರಬಂದ ಚಾಂಡ್ಲರ್, ಸೆಲ್ವಾ ತಳಿಗಳೂ, ಫ್ಲಾರಿಡಾದ ಸ್ವೀಟ್ ಚಾರ್ಲಿಯೂ ಭಾರತಕ್ಕೆ ಬಂದ ಮೇಲೆ ಹಳೆಯ ಸಣ್ಣ ಹಣ್ಣಿನ ತಳಿಗಳು ಹಿಂದೆ ಸರಿದವು. ಮಹಾಬಲೇಶ್ವರದ ರೈತರು ಹೊರದೇಶಗಳಿಂದ ತರಿಸಿದ ತಾಯಿಗಿಡಗಳಿಂದ ಮಳೆಗಾಲದಲ್ಲಿ ಹಂಬು ಬಿಡಿಸಿ ಸೆಪ್ಟೆಂಬರ್ ಹೊತ್ತಿಗೆ ನಾಟಿ ಮಾಡುತ್ತಾರೆ. ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಚಳಿಗಾಲದಲ್ಲಿ ಜಯನಗರದ ಬೀದಿಬದಿಯ ಗಾಡಿಗಳಲ್ಲಿ ಸಣ್ಣ ಡಬ್ಬಿಗಳಲ್ಲಿ ಮಾರಾಟವಾಗುವ ಹಣ್ಣೂ, ಅಕ್ಟೋಬರಿನಲ್ಲಿ ನರ್ಸರಿಗಳಿಗೆ ಬರುವ ಸಸಿಯೂ ಬಹುಮಟ್ಟಿಗೆ ಅಲ್ಲಿಯವು. ಒಂದು ಕಾಲಕ್ಕೆ ತನ್ನ ಹೆಸರಿನ ತಳಿಯನ್ನು ದೇಶಕ್ಕೆ ಕೊಟ್ಟ ಊರು ಇಂದು ಸಸಿಗಾಗಿ ಸಹ್ಯಾದ್ರಿಯತ್ತ ನೋಡುತ್ತಿರುವುದು ಖೇದದ ವಿಷಯ.

1990ರ ದಶಕದಿಂದ ಈಚೆಗೆ ಮನೆಯ ಸ್ವರೂಪವೇ ಬದಲಾಯಿತು. ಜಯನಗರ, ಬನಶಂಕರಿಗಳ ಒಂಟಿ ಮನೆಗಳು ಉರುಳಿ ಬಾಡಿಗೆಯ ಮಹಡಿಗಳೂ ಅಪಾರ್ಟ್‌ಮೆಂಟುಗಳೂ ಎದ್ದವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಬಿಟಿಎಂ ಲೇಔಟಿನಲ್ಲಿ ಮನೆಗೂ ಮನೆಗೂ ನಡುವೆ ಗಾಳಿಯಾಡುವಷ್ಟು ಜಾಗವೂ ಉಳಿಯಲಿಲ್ಲ. ತೋಟ ಮಾತ್ರ ಅಳಿಯದೆ ತಾರಸಿಗೆ ಏರಿತು. ಈ ಏರಿಕೆಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಯಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಮುಖ್ಯರು. 1990ರ ದಶಕದ ನಡುವಿನಿಂದ ಅವರು ನಡೆಸಿದ ತರಬೇತಿಗಳು, ಬನಶಂಕರಿಯ ಎಎಂಇ ಪ್ರತಿಷ್ಠಾನದ ಸಾವಯವ ಕಾರ್ಯಾಗಾರಗಳು, 2011ರಿಂದ ಗಾರ್ಡನ್ ಸಿಟಿ ಫಾರ್ಮರ್ಸ್ ಸಂಘಟನೆ ನಡೆಸಿಕೊಂಡು ಬಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳ, ಗೃಹಿಣಿಯರನ್ನೂ ನಿವೃತ್ತರನ್ನೂ ಸಾಫ್ಟ್‌ವೇರ್ ನೌಕರರನ್ನೂ ಒಂದೇ ಕಡೆ ಸೇರಿಸಿ, ಬೀಜ ಸಸಿಗಳ ವಿನಿಮಯಕ್ಕೆ ವೇದಿಕೆಯಾದವು. ಒಂದು ಕಾಲದಲ್ಲಿ ಲಾಲ್‌ಬಾಗ್ ಮಾಡುತ್ತಿದ್ದ ಹಂಚಿಕೆಯ ಕೆಲಸದ ಒಂದು ಪಾಲನ್ನು ಹೀಗೆ ಮನೆಯವರೇ ತಮ್ಮ ಕೈಗೆ ತೆಗೆದುಕೊಂಡರು.

ತಾರಸಿಯಲ್ಲಿ ಸ್ಟ್ರಾಬೆರಿಗೆ ನಿಜವಾದ ನೆಲೆ ಕೊಟ್ಟ ವಸ್ತು ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ, ಅಂದರೆ ಕೋಕೋಪೀಟ್. ತೆಂಗಿನ ಸೀಮೆಯ ನಾರಿನ ಕಾರ್ಖಾನೆಗಳ ಹಿತ್ತಿಲಲ್ಲಿ ಗುಡ್ಡೆಗಟ್ಟಿ ಬಿದ್ದಿರುತ್ತಿದ್ದ ಈ ಪುಡಿ, ಹಸಿ ಕೆಮ್ಮಣ್ಣಿಗೆ ಹೋಲಿಸಿದರೆ ಬಹಳ ಹಗುರವಾಗಿದ್ದು, ತಾರಸಿಗೆ ಹೊರೆಯಾಗದೆ, ನೀರನ್ನು ಹಿಡಿದಿಟ್ಟುಕೊಂಡೂ ಬೇರಿಗೆ ಗಾಳಿ ಬಿಡುತ್ತದೆ. ಸ್ಟ್ರಾಬೆರಿಯ ಬೇರಿನ ಬಹುಪಾಲು ಒಂದು ಗೇಣಿಗಿಂತ ಹೆಚ್ಚು ಆಳಕ್ಕೆ ಇಳಿಯದ ಕಾರಣ ಅಷ್ಟೇ ಆಳದ ಕುಂಡವೋ ಗ್ರೋ ಬ್ಯಾಗೋ ಸಾಕು. ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರಗಳನ್ನು ಸಮನಾಗಿ ಬೆರೆಸಿ, ಒಂದಿಷ್ಟು ಬೇವಿನ ಹಿಂಡಿ ಸೇರಿಸಿ, ಗಿಡದಿಂದ ಗಿಡಕ್ಕೆ ಸುಮಾರು ಒಂದು ಅಡಿ ಬಿಟ್ಟು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನೊಳಗೆ ನೆಡುವುದು ಈಗ ರೂಢಿಯಾಗಿರುವ ಕ್ರಮ. ನೆಡುವಾಗ ಕ್ರೌನ್, ಅಂದರೆ ಎಲೆಗಳೂ ಬೇರುಗಳೂ ಕೂಡುವ ಗಿಡ್ಡ ಕಾಂಡ, ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಹೂತರೆ ಕೊಳೆಯುತ್ತದೆ, ಎತ್ತರವಾದರೆ ಬೇರು ಒಣಗುತ್ತದೆ. ಇಂಗ್ಲೆಂಡಿನ ತೋಟಗಾರರು ಹಣ್ಣು ಮಣ್ಣಿಗೆ ತಾಗದಂತೆ ಬುಡಕ್ಕೆ ಗೋಧಿಯ ಹುಲ್ಲು ಹಾಸುತ್ತಿದ್ದ ಪದ್ಧತಿಗೆ ಇಲ್ಲಿ ರಾಗಿಯ ಹುಲ್ಲೂ ಒಣಗಿದ ತರಗೂ ಒದಗಿವೆ. ಹಣ್ಣಿನ ಮೇಲ್ಮೈಯಲ್ಲಿ ಕಾಣುವ ಕಾಳುಗಳೇ ಈ ಗಿಡದ ನಿಜವಾದ ಫಲಗಳು. ಪ್ರತಿಯೊಂದು ಕಾಳೂ ಪರಾಗ ಸ್ಪರ್ಶ ಪಡೆದಾಗ ಮಾತ್ರ ಅದರ ಕೆಳಗಿನ ತಿರುಳು ಉಬ್ಬುವುದರಿಂದ, ಜೇನು ಬಾರದ ಎತ್ತರದ ಬಾಲ್ಕನಿಗಳಲ್ಲಿ ಹಣ್ಣು ಸೊಟ್ಟಗಾಗುತ್ತದೆ. ಹೂವಿನ ಮೇಲೆ ಮೆತ್ತನೆಯ ಕುಂಚವಾಡಿಸಿ ಈ ಕೊರತೆಯನ್ನು ತುಂಬಿಕೊಳ್ಳುವವರಿದ್ದಾರೆ. ಕೆಂಪು ನುಸಿ, ಆಫ್ರಿಕಾದ ದೈತ್ಯ ಬಸವನಹುಳು, ಅಳಿಲು, ಪಿಕಳಾರ ಹಕ್ಕಿಗಳ ಕಾಟ ಎಲ್ಲ ಬಡಾವಣೆಗಳಿಗೂ ಸಮಾನ.

ನೀರಿನ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರ. ಸ್ಟ್ರಾಬೆರಿ ಉಪ್ಪನ್ನು ಸಹಿಸದ ಗಿಡಗಳಲ್ಲಿ ಮುಂಚೂಣಿಯದು; ಗಡಸು ಕೊಳವೆಬಾವಿ ನೀರನ್ನೋ ಆರ್‌ಒ ಯಂತ್ರದಿಂದ ಹೊರಬೀಳುವ ಲವಣಭರಿತ ನೀರನ್ನೋ ದಿನವೂ ಎರೆದರೆ ಎಲೆಯ ಅಂಚು ಕಂದಿ, ಗಿಡ ಕುಗ್ಗುತ್ತದೆ. ಹಣ್ಣು ಮಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ನಗರದಲ್ಲಿ ನೀರಿನ ತತ್ವಾರ ತಲೆದೋರುವ ಕಾಲವೂ ಆಗಿರುವುದರಿಂದ, 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದಾಗ ಮನೆತೋಟಗಾರರು ಇಕ್ಕಟ್ಟಿಗೆ ಸಿಲುಕಿದರು. 2009ರಲ್ಲಿ ಕಡ್ಡಾಯವಾದ ಮಳೆನೀರು ಸಂಗ್ರಹವನ್ನು ಕಾಟಾಚಾರಕ್ಕೆ ಮಾಡದೆ ಸಂಪಿನ ತೊಟ್ಟಿಗೆ ಜೋಡಿಸಿಕೊಂಡಿದ್ದ ಮನೆಗಳು, ತೊಟ್ಟಿಯ ಅಳತೆಗೆ ತಕ್ಕಂತೆ, ಉಪ್ಪಿಲ್ಲದ ನೀರನ್ನು ಗಿಡಕ್ಕೆ ಒದಗಿಸಬಲ್ಲವು.

ಏಪ್ರಿಲಿನ ನಂತರ ಬಹುತೇಕ ಮನೆಗಳಲ್ಲಿ ಗಿಡವನ್ನು ಕಿತ್ತೆಸೆದು ಅಕ್ಟೋಬರಿನಲ್ಲಿ ಹೊಸದನ್ನು ಕೊಳ್ಳುವುದೇ ವಾಡಿಕೆ. ಕೆಲವರು ಮಾತ್ರ ತಾಯಿಗಿಡವನ್ನು ಹಸಿರು ಬಲೆಯ ನೆರಳಿನಲ್ಲಿ ಬೇಸಿಗೆ ಕಳೆಯಿಸಿ, ಜೂನ್ ಜುಲೈನಲ್ಲಿ ಅದು ಚಾಚಿದ ಹಂಬುಗಳ ಗಿಣ್ಣನ್ನು ಸಣ್ಣ ಕುಂಡಗಳ ಮಣ್ಣಿಗೆ ತಂತಿಯಿಂದ ಕೀಲಿಸಿ, ಬೇರೂರಿದ ಮರಿಗಳನ್ನು ನೆರೆಮನೆಗಳಿಗೂ ಹಂಚುತ್ತಾರೆ. ‘ಬೆಂಗಳೂರು’ ತಳಿ ಉಳಿದುಬಂದದ್ದೂ ಇಂಥದೇ ಆರೈಕೆಯಿಂದ ಇರಬೇಕು. ಆದರೆ ಅಂದಿನ ಮಾಲಿಗಳಿಗಿದ್ದ ಒಂದು ಅನುಕೂಲ ಇವರಿಗಿಲ್ಲ. ನರ್ಸರಿಗಳಲ್ಲಿ ಇಂದು ಸಸಿ ದೊರೆಯುವುದು ತಳಿಯ ಹೆಸರಿಲ್ಲದೆ, ಬರಿಯ ಸ್ಟ್ರಾಬೆರಿ ಗಿಡ ಎಂದು. ಅದು ಕಿರುಹಗಲಿನ ಚಾಂಡ್ಲರ್ ಜಾತಿಯದೋ, ಹಗಲಿನ ಉದ್ದವನ್ನು ಲೆಕ್ಕಿಸದೆ ತಂಪಿದ್ದಷ್ಟು ಕಾಲ ಹೂ ಬಿಡುವ ಸೆಲ್ವಾ, ಆಲ್ಬಿಯನ್‌ಗಳ ಜಾತಿಯದೋ ಎಂಬುದು ಕೊಂಡವರಿಗೆ ತಿಳಿಯದು. ಮೊದಲನೆಯದು ಹಂಬನ್ನು ಧಾರಾಳವಾಗಿ ಕೊಡುತ್ತದೆ, ಎರಡನೆಯದು ಕೊಡುವುದು ವಿರಳ. ಹಾಗಾಗಿ ಗಿಡವನ್ನು ಮಳೆಗಾಲದುದ್ದಕ್ಕೂ ಕಾಪಾಡುವುದು ಸಾರ್ಥಕವೇ ಎಂಬುದು ಹೆಸರಿನ ಮೇಲೆಯೇ ನಿಂತಿದೆ. ಸಿದ್ದಾಪುರದ ಅಂಗಡಿಗಳೂ ಲಾಲ್‌ಬಾಗಿನ ಮಾರಾಟ ಮಳಿಗೆಗಳೂ ಸಸಿಯ ಕುಂಡಕ್ಕೆ ತಳಿಯ ಚೀಟಿ ಅಂಟಿಸುವ ಹಳೆಯ ಶಿಸ್ತನ್ನು ಮತ್ತೆ ರೂಢಿಗೆ ತಂದರೆ, ಒಬ್ಬರ ತಾರಸಿಯಲ್ಲಿ ಒಗ್ಗಿದ ಗಿಡ ಯಾವುದೆಂದು ಮತ್ತೊಬ್ಬರು ತಿಳಿದು, ಅದರ ಹಂಬನ್ನೇ ಕೇಳಿ ಪಡೆಯಲು ಸಾಧ್ಯವಾಗುತ್ತದೆ.